ಹೊಸ ಫೋರ್ಕ್ ಹಾಕಿದ ಮೇಲೆ ಬಂದ ಕಟಕಟ ಸದ್ದು

ಮಡಿಕೇರಿಯ ಎರಡು ಮಳೆಗಾಲ ಕಂಡ ಸೈಕಲ್ಲಿನ ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಬಿಡುವ ಬೇರಿಂಗ್ ಜೋಡಣೆ) ಬಿಚ್ಚಿದರೆ ಬೇರಿಂಗಿನಿಂದ ತುಕ್ಕಿನ ಕೆಂಪು ನೀರು ಇಳಿಯಿತು. ಮುಂದಿನ ಚಕ್ರ ಹಿಡಿಯುವ ಫೋರ್ಕ್, ಬೇರಿಂಗ್ ಎರಡನ್ನೂ ಮನೆಯಲ್ಲೇ ಬದಲಿಸಿದೆ. ಆದರೆ ಕಾಫಿ ತೋಟದ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಕಟಕಟ. ಮೇಲಿನ ಮುಚ್ಚಳ, ಅಂದರೆ ಟಾಪ್ ಕ್ಯಾಪ್, ಎಷ್ಟು ಬಿಗಿದರೂ ಹೋಗಲಿಲ್ಲ.

ಕ್ಯಾಪ್ ತೆಗೆದಾಗ ಗೊತ್ತಾಯಿತು: ಫೋರ್ಕಿನಿಂದ ಮೇಲೆ ಬರುವ ಸ್ಟೀರರ್ ಕೊಳವೆಯ ತುದಿ, ಹ್ಯಾಂಡಲನ್ನು ಅದಕ್ಕೆ ಜೋಡಿಸುವ ಸ್ಟೆಮ್‌ನ ಮೇಲಂಚಿನ ಮಟ್ಟಕ್ಕೇ ಇತ್ತು. ಕ್ಯಾಪ್ ಕೊಳವೆಗೇ ತಾಗಿ ನಿಲ್ಲುತ್ತಿತ್ತು, ಬೇರಿಂಗಿಗೆ ಒತ್ತಡವೇ ಬೀಳುತ್ತಿರಲಿಲ್ಲ. ತುದಿ ಸುಮಾರು 3 ಮಿ.ಮೀ. ಕೆಳಗಿರಬೇಕು. ಕೊಳವೆ ಕತ್ತರಿಸಲು ಮನಸ್ಸಾಗಲಿಲ್ಲ. ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲಾಗದು. ಬದಲಿಗೆ 5 ಮಿ.ಮೀ.ನ ಸ್ಪೇಸರ್ (ಕೊಳವೆಯ ಸುತ್ತ ಕೂರುವ ಬಳೆ) ಒಂದನ್ನು ಸೇರಿಸಿದೆ. ಸ್ಟೆಮ್ ಬೋಲ್ಟ್ ಸಡಿಲವಿರುವಾಗಲೇ ಕ್ಯಾಪ್ ಬಿಗಿಯಬೇಕು, ಬೋಲ್ಟ್ ಆಮೇಲೆ. ಈ ಕ್ರಮ ತಪ್ಪಲೇಬಾರದು. ಈಗ ಸದ್ದಿಲ್ಲ, ಹ್ಯಾಂಡಲ್ ಬೆಣ್ಣೆಯ ಹಾಗೆ ತಿರುಗುತ್ತಿದೆ.