ಅಮಾವಾಸ್ಯೆ ಹಿಡಿದು ಅಬಿಸ್ಕೋಗೆ

"ಅಮಾವಾಸ್ಯೆ, ಅವತ್ತೇ ಗ್ರಹಣ, ಅವತ್ತೇ ಶನಿ ಬೇರೆ ಮೀನಕ್ಕೆ ಹೋಗ್ತಾನಂತೆ. ದೇಶ ಬಿಟ್ಟು ಹೋಗೋಕೆ ನಿನಗೆ ಬೇರೆ ದಿನವೇ ಸಿಗಲಿಲ್ವೇನೇ?" ಅಂದಳು ಅಮ್ಮ. ಅವಳು ಹೇಳಿದ್ದು 2025ರ ಮಾರ್ಚ್ 29ರ ಬಗ್ಗೆ; ಅವತ್ತಿಗೆ ನಾವು ಸ್ವೀಡನ್ನಿನಲ್ಲಿ ಅರೋರಾ, ಅಂದರೆ ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ನೋಡಲು ಹೋಗಿರುತ್ತಿದ್ದೆವು. ಆ ದಿನಕ್ಕಾಗಿಯೇ ನಾನು ಒಂದು ವರ್ಷ ಕಾದಿದ್ದೆ ಅಂತ ಹೇಳಿದ್ದರೆ ಊಟ ಬಿಡುತ್ತಿದ್ದಳೇನೋ, ಸುಮ್ಮನಾದೆ.

ಭಾವನ ತಕರಾರು ಬೇರೆ. "ಮಾರ್ಚ್ ಕೊನೆಗೆ ಹಿಮ ಎಲ್ಲಿರುತ್ತಮ್ಮ? ಕೆಸರು ತುಳಿಯೋಕೆ ಸ್ವೀಡನ್ ಯಾಕೆ, ನಮ್ಮ ಗದ್ದೆ ಇಲ್ವಾ?" ನಮ್ಮೆಜಮಾನ್ರು ಏನೂ ಹೇಳಲಿಲ್ಲ. ಎರಡು ಸಲ ನನ್ನ ಹಿಂದೆ ಬಂದು ದುಡ್ಡು ಕಳೆದುಕೊಂಡವರು, ಮೂರನೇ ಸಲಕ್ಕೂ ಬರುತ್ತೇನೆ ಅಂದದ್ದೇ ಹೆಚ್ಚು.

ಆ ಎರಡು ಸಲದ್ದನ್ನು ಮೊದಲು ಹೇಳಿಬಿಡುತ್ತೇನೆ.

2019ರ ಡಿಸೆಂಬರ್, ಫಿನ್ಲೆಂಡಿನ ರೊವಾನಿಯೆಮಿ. ಪ್ಯಾಕೇಜ್. ಇಬ್ಬರಿಗೆ ಸುಮಾರು 5 ಲಕ್ಷ ಇಪ್ಪತ್ತು ಸಾವಿರ. ಸೂರ್ಯ ದಿನಕ್ಕೆ ಎರಡು ಗಂಟೆ ಅಡ್ಡಡ್ಡ ತೆವಳಿ ಮಲಗುತ್ತಿದ್ದ. ಸಾಂತಾನ ಹಳ್ಳಿ, ನಾಯಿಗಾಡಿ, ಹಿಮಸಾರಂಗ, ಎಲ್ಲಾ ಕಡೆ ಕ್ಯೂ. ಒಂದು ರಾತ್ರಿ ಗಾಜಿನ ಇಗ್ಲೂ, ಅದಕ್ಕೇ 45 ಸಾವಿರ. ಗಾಜಿನ ಮೇಲೆ ಹಿಮ ಬಿದ್ದು ಬೆಳ್ಳಗೆ ಮುಚ್ಚಿತ್ತು. ನಾಲ್ಕು ರಾತ್ರಿ, ನಾಲ್ಕೂ ಮೋಡ. ಏಜೆಂಟರನ್ನು ಕೇಳಿದರೆ "ಪ್ರಕೃತಿ ಮೇಡಂ" ಅಂದರು. ಅದೊಂದು ಪದ ಅವರಿಗೆ ಎಷ್ಟು ದುಡ್ಡು ಉಳಿಸಿಕೊಟ್ಟಿದೆಯೋ.

2023ರ ಫೆಬ್ರವರಿ, ನಾರ್ವೆಯ ಟ್ರೊಮ್ಸೊ. ಈ ಸಲ ನನ್ನದೇ ಯೋಜನೆ, ಆದ್ದರಿಂದ ಬೈಯಲು ಬೇರೆ ಯಾರೂ ಇಲ್ಲ. ಆರ್ಕ್ಟಿಕ್ ವೃತ್ತದಿಂದ 350 ಕಿ.ಮೀ. ಉತ್ತರ, ಇನ್ನು ತಪ್ಪುವುದುಂಟೇ ಅಂದುಕೊಂಡೆ. ಆದರೆ ಅದು ಕಡಲ ತೀರದ ಊರು, ಬೆಚ್ಚನೆಯ ಪ್ರವಾಹ ಪಕ್ಕದಲ್ಲೇ ಹರಿಯುತ್ತದೆ. ಮಳೆ ಸುರಿದು, ಅದೇ ನೀರು ರಾತ್ರಿ ಹೆಪ್ಪುಗಟ್ಟಿ ರಸ್ತೆಯೆಲ್ಲಾ ಗಾಜು. ಶೂಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಯನ್ನು ಅಲ್ಲಿ ಬ್ರೊಡ್ಡರ್ ಅನ್ನುತ್ತಾರೆ; ಜಾರಿ ಬಿದ್ದು ಮಣಿಕಟ್ಟು ಉಳುಕಿದ ಮೇಲೆ ಆ ಪದ ಕಲಿತೆ. ಬೆಳಕು ಅಟ್ಟಿಕೊಂಡು ಹೋಗುವ ಬಸ್ಸಿಗೆ ತಲೆಗೆ 1,400 ಕ್ರೋನೆ ತೆತ್ತು ಫಿನ್ಲೆಂಡ್ ಗಡಿವರೆಗೂ ಹೋದೆವು. ಅಲ್ಲಿ ಮೋಡ ಇರಲಿಲ್ಲ, ಸರಿ. ಆದರೆ ಫೆಬ್ರವರಿ 5 ಹುಣ್ಣಿಮೆ! ಹಿಮದ ಮೇಲೆ ಟ್ಯೂಬ್‌ಲೈಟ್ ಹಾಕಿದ ಹಾಗೆ. ಕಣ್ಣಿಗೆ ಕಂಡದ್ದು ಬೂದಿ ಬಣ್ಣದ ಒಂದು ಬರೆ, ಕ್ಯಾಮೆರಾ ಅದನ್ನು ಹಸಿರು ಅಂದಿತು. ಬೆಂಗಳೂರಿಗೆ ಬಂದು ಫೋಟೊ ತೋರಿಸಿದಾಗ ಎಲ್ಲರೂ "ವಾವ್" ಅಂದರು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಮೇಲೆ ಕೂತು ಲೆಕ್ಕ ಹಾಕಿದೆ. ಕರಾವಳಿಯ ಮೋಡ ಗುಡ್ಡ ಹತ್ತಿ ಸುರಿದು ಖಾಲಿಯಾದ ಮೇಲೆ ಆಚೆ ಬದಿ ಒಣಗಿರುತ್ತದಲ್ಲ, ಆಗುಂಬೆ ದಾಟಿ ಚಳ್ಳಕೆರೆಗೆ ಹೋದ ಹಾಗೆ. ಟ್ರೊಮ್ಸೊ ಆಗುಂಬೆಯಾದರೆ ಅದರ ಚಳ್ಳಕೆರೆ ಎಲ್ಲಿ? ನಾರ್ವೆಯ ಬೆಟ್ಟಸಾಲಿನ ಪೂರ್ವಕ್ಕೆ ಸ್ವೀಡನ್ನಿನ ಅಬಿಸ್ಕೋ. ವರ್ಷಕ್ಕೆ 300 ಮಿ.ಮೀ. ಆಸುಪಾಸು ಮಳೆ-ಹಿಮ, ಆ ದೇಶದಲ್ಲೇ ಅತಿ ಒಣ ಜಾಗಗಳಲ್ಲಿ ಒಂದು. ಸುತ್ತ ಮೋಡ ಕವಿದಿದ್ದರೂ ಟೊರ್ನೆಟ್ರೆಸ್ಕ್ ಸರೋವರದ ಮೇಲೆ ಒಂದು ತೂತು ತೆರೆದಿರುತ್ತದೆ ಅಂತ ಅಲ್ಲಿಯವರೇ ಹೇಳುತ್ತಾರೆ. ಸರೋವರದ ಮಂಜುಗಡ್ಡೆ ಒಡೆಯುವುದು ಜೂನ್ ಹೊತ್ತಿಗೆ. ಭಾವನ ಕೆಸರಿಗೆ ಅದೇ ಉತ್ತರ.

ಇನ್ನು ದಿನ ಆರಿಸುವುದು. ಎಲ್ಲರೂ ಕ್ರಿಸ್ಮಸ್ ನೋಡುತ್ತಾರೆ, ನಾನು ಸ್ವೀಡನ್ನಿನ ಶಾಲೆಗಳ ಚಳಿಗಾಲದ ರಜೆ ನೋಡಿದೆ. ವರ್ಷದ 7ನೇ ವಾರದಿಂದ 10ನೇ ವಾರದವರೆಗೆ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ವಾರ ರಜೆ. ಆಗ ರಾತ್ರಿ ರೈಲಿನಲ್ಲಿ ಬರ್ತ್ ಇಲ್ಲ, ಕ್ಯಾಬಿನ್ ಅನ್ನುವ ಪುಟ್ಟ ಮನೆಯ ಬಾಡಿಗೆ ಒಂದೂವರೆ ಪಟ್ಟು. ಆಮೇಲೆ ಈಸ್ಟರ್‌ಗೆ ಮತ್ತೆ ಏರುತ್ತದೆ. ನಡುವೆ ಸಿಗುವ ಸಂದಿಯಲ್ಲಿ ಅಮಾವಾಸ್ಯೆ ಎಲ್ಲಿದೆ ನೋಡಿ, ಅದರ ಹಿಂದೆ ಮುಂದೆ ಐದು ರಾತ್ರಿ ಹಿಡಿಯುವುದು. ಇಷ್ಟೇ ನನ್ನ ಸೂತ್ರ. ಹಗಲು-ರಾತ್ರಿ ಸಮವಾಗುವ ವಿಷುವತ್ತಿನ ಆಸುಪಾಸು ಅರೋರಾ ಜಾಸ್ತಿ ಅನ್ನುವುದು 1973ರಲ್ಲೇ ರಸೆಲ್ ಮತ್ತು ಮೆಕ್‌ಫೆರನ್ ಎಂಬ ವಿಜ್ಞಾನಿಗಳು ಕಾರಣ ಕೊಟ್ಟು ಹೇಳಿದ ಮಾತು, ಅದು ಮೇಲುಡುಗೊರೆ. ಹಗಲು ಹದಿಮೂರು ಗಂಟೆ ಇರುವುದರಿಂದ ಹಿಮದಲ್ಲಿ ಅಡ್ಡಾಡಲೂ ಆಯಿತು; ರಾತ್ರಿ ಒಂಬತ್ತರ ಹೊತ್ತಿಗೆ ಸಾಕಷ್ಟು ಕತ್ತಲು. ಇದಕ್ಕಿಂತ ತಡ ಮಾಡಿದರೆ ಮಾತ್ರ ಕೆಟ್ಟಿರಿ, ಏಪ್ರಿಲ್ ಕಳೆಯುತ್ತಿದ್ದಂತೆ ಕತ್ತಲೇ ಆಗುವುದಿಲ್ಲ.

ಒಂದೇ ಊರು, ಒಂದೇ ಮನೆ, ಐದು ರಾತ್ರಿ. ಟೂರ್ ಒಂದೂ ಇಲ್ಲ. ನಾಲ್ಕು ಜನರ ಕ್ಯಾಬಿನ್ ಅಗ್ಗವಾಗುವುದರಿಂದ ಅಕ್ಕ-ಭಾವನನ್ನು ಸೇರಿಸಿಕೊಂಡೆ. ರಾತ್ರಿಗೆ ಎರಡು ಸಾವಿರ ಕ್ರೋನಾ ಚಿಲ್ಲರೆ, ಕ್ರೋನಾಗೆ ಆಗ ಎಂಟೂವರೆ ರೂಪಾಯಿ. ತಲೆಗೆ ಐದು ರಾತ್ರಿಗೆ 21-22 ಸಾವಿರ. ವಿಮಾನ 62 ಸಾವಿರ, ಒಂದು ಕಡೆ ಇಳಿದು ಹತ್ತಿ. ವೀಸಾ 90 ಯೂರೋ, ಅರ್ಜಿ ಕೇಂದ್ರದ ಶುಲ್ಕ ಸೇರಿ 11 ಸಾವಿರದ ಹತ್ತಿರ. ರೈಲು ಹೋಗಿಬರಲು 18 ಸಾವಿರ. ಆ ರೈಲಿನ ಟಿಕೆಟ್ ಆ ಬೆಲೆಗೆ ಹೇಗೆ ಸಿಕ್ಕಿತು ಅನ್ನುವುದನ್ನು ಮಾತ್ರ ಕೇಳಬೇಡಿ. ಮುಂದಿನ ಸಲವೂ ನಾಲ್ಕು ಬರ್ತ್ ಬೇಕು ನನಗೆ.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ: ತುಪ್ಪ ಕಟ್ಟಿಕೊಳ್ಳಬೇಡಿ. ಐರೋಪ್ಯ ಒಕ್ಕೂಟದೊಳಕ್ಕೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅಕ್ಕ ಹೊರಡುವ ಹಿಂದಿನ ರಾತ್ರಿ ಒಂದು ಕೆ.ಜಿ. ತುಪ್ಪ ಕಾಯಿಸಿದ್ದಳು, ಅದನ್ನು ಪಕ್ಕದ ಮನೆಗೆ ಕೊಟ್ಟು ಬಂದೆವು, ದಾರಿಯುದ್ದಕ್ಕೂ ಅದರದೇ ಮಾತು. ಅಬಿಸ್ಕೋದಲ್ಲಿ ಬೆಣ್ಣೆ ತಂದು ನಾವೇ ಕಾಯಿಸೋಣ ಅಂದೆ. ತಂದದ್ದು ಉಪ್ಪು ಬೆಣ್ಣೆ. ಹೋಯ್ತು ಅಂದುಕೊಂಡರೆ, ಉಪ್ಪೆಲ್ಲಾ ಗಸಿಯ ಜೊತೆ ತಳಕ್ಕೆ ಇಳಿದು ಮೇಲಿನ ತುಪ್ಪ ಮನೆಯದರ ಹಾಗೇ ಬಂತು! ಆ ಉಪ್ಪು ಗಸಿಗೆ ಅವಲಕ್ಕಿ ಕಲಸಿದ್ದು ಈ ಪ್ರವಾಸದ ಅತ್ಯುತ್ತಮ ತಿಂಡಿ. ಮೊಸರಿಗೆ ಹೆಪ್ಪು ಹುಡುಕಬೇಕಿಲ್ಲ, ಫಿಲ್‌ಮ್ಯೋಲ್ಕ್ ಅಂತ ಪೊಟ್ಟಣದಲ್ಲಿ ಸಿಗುತ್ತದೆ, ನಮ್ಮ ಕಡೆದ ಮೊಸರಿನ ದೂರದ ನೆಂಟ. ಮೊಸರನ್ನಕ್ಕೆ ಸಾಕು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದೇ ತಡ, ಹೊಗೆ ಅಲಾರಂ ಕಿರುಚಿ ಕ್ಯಾಬಿನ್ ಮಾಲೀಕ ಬರೀ ಅಂಗಿಯಲ್ಲೇ ಹಿಮದಲ್ಲಿ ಓಡಿಬಂದ. ಮರುದಿನದಿಂದ ಒಗ್ಗರಣೆ ಹೊರಗೆ, ಮೆಟ್ಟಿಲ ಮೇಲೆ ಕ್ಯಾಂಪಿಂಗ್ ಒಲೆಯಲ್ಲಿ.

ಸ್ಟಾಕ್‌ಹೋಮಿನಿಂದ ಸಂಜೆ ಹೊರಟ ರೈಲು ಮರುದಿನ ಮಧ್ಯಾಹ್ನ ಮುಟ್ಟಬೇಕು. ನಮಗೆ ಮೂರೂವರೆ ಗಂಟೆ ತಡ. ಕಬ್ಬಿಣದ ಗಣಿಯ ಊರಾದ ಕಿರುನಾದಿಂದ ಆಚೆಗೆ ಒಂಟಿ ಹಳಿ, ಅದಿರಿನ ಗಾಡಿಗೆ ದಾರಿ ಬಿಡುತ್ತಾ ಅಲ್ಲಲ್ಲಿ ನಿಲ್ಲುವುದು. 2023ರ ಡಿಸೆಂಬರಿನಲ್ಲಿ ಅದಿರು ಗಾಡಿ ಹಳಿ ತಪ್ಪಿ ಈ ದಾರಿ ಎರಡು ತಿಂಗಳು ಮುಚ್ಚಿತ್ತು, ಹಾಗಾಗಿ ನಾನು ಕಿರುನಾದಿಂದ ಬಸ್ಸಿನ ಲೆಕ್ಕವನ್ನೂ ಇಟ್ಟುಕೊಂಡಿದ್ದೆ. ಭಾವನಿಗೆ ಮಾತ್ರ ತಡವಾದದ್ದೇ ಹಬ್ಬ. ಅವರು ಕುದುರೆಮುಖದ ಗಣಿಯಲ್ಲಿ ದುಡಿದವರು, 2005ರ ಕೊನೆಗೆ ಅದು ಮುಚ್ಚುವವರೆಗೂ. ಕಿಟಕಿಗೆ ಮೂಗು ಒತ್ತಿ ವ್ಯಾಗನ್ ಎಣಿಸಿದರು: ಅರವತ್ತೆಂಟು. "ಇದೂ ಮ್ಯಾಗ್ನೆಟೈಟೇ ಕಣಮ್ಮ. ನಾವು ನೀರಲ್ಲಿ ಕಲಸಿ ಪೈಪಲ್ಲಿ ಮಂಗಳೂರಿಗೆ ಕಳಿಸ್ತಿದ್ವಿ, ಇವರು ರೈಲಲ್ಲಿ ನಾರ್ವಿಕ್ ಬಂದರಿಗೆ." ಗಣಿ ಕೆಳಗೆ ತೋಡುತ್ತಾ ಹೋಗಿ ಮೇಲೆ ನೆಲ ಬಿರಿಯುತ್ತಿರುವುದರಿಂದ ಕಿರುನಾ ಊರನ್ನೇ ಸರಿಸುತ್ತಿದ್ದಾರೆ, ನಾವು ಬಂದ ಮೇಲೆ ಆಗಸ್ಟ್‌ನಲ್ಲಿ ಅಲ್ಲಿನ ಮರದ ಚರ್ಚನ್ನು ಇಡಿಯಾಗಿ ಐದು ಕಿ.ಮೀ. ಸಾಗಿಸಿದಾಗ ಭಾವ ಎರಡೂ ದಿನ ನೇರಪ್ರಸಾರದ ಮುಂದೆ ಕೂತಿದ್ದರಂತೆ.

ಮೊದಲ ರಾತ್ರಿ ಹಾಳು ಮಾಡಿದ್ದು ನಾನೇ. ಹೊರಗೆ ಮೈನಸ್ ಹನ್ನೆರಡು. ಕ್ಯಾಮೆರಾವನ್ನು ಹಾಗೇ ಒಳಗೆ ತಂದೆ, ಗಾಜೆಲ್ಲಾ ಬೆವರಿ, ಮತ್ತೆ ಹೊರಗೆ ಒಯ್ದಾಗ ಆ ಬೆವರು ಹಿಮವಾಯಿತು. ಜಿಪ್ ಕವರಿನಲ್ಲಿ ಹಾಕಿ ಒಳತರಬೇಕು ಅಂತ ಹತ್ತು ಜನಕ್ಕೆ ನಾನೇ ಹೇಳಿದ್ದೆ! ಭಾವ ಇನ್ನೊಂದು ಪ್ರಯೋಗ ಮಾಡಿದರು, ಕುದಿಯುವ ನೀರನ್ನು ಮೇಲಕ್ಕೆ ಎರಚಿದರೆ ಹಿಮದ ಹೊಗೆಯಾಗುವುದನ್ನು ವಿಡಿಯೊದಲ್ಲಿ ನೋಡಿದ್ದರಂತೆ. ಆ ಚಳಿಗೆ ಅದು ಆಗುವುದಿಲ್ಲ, ಮೈನಸ್ ಇಪ್ಪತ್ತೈದಾದರೂ ಬೇಕು. ನೀರು ನೀರಾಗಿಯೇ ಅವರ ಬೂಟಿನೊಳಗೆ ಇಳಿಯಿತು. ಒಣಗಿಸಲು ಒಂದೂವರೆ ದಿನ.

ಬೆಳಕು ಹಿಡಿಯುವ ಕ್ರಮ ಹೀಗಿತ್ತು. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ ಸೊನ್ನೆಯಿಂದ ಒಂಬತ್ತರೊಳಗೆ ಹೇಳುವ ಕೆಪಿ ಸೂಚ್ಯಂಕ ನಾನು ನೋಡುವುದಿಲ್ಲ. ಅದು ಮೂರು ಗಂಟೆಗೆ ಒಂದು ಲೆಕ್ಕ, ಆ ಅಕ್ಷಾಂಶದಲ್ಲಿ ಎರಡಿದ್ದರೂ ಸಾಕು. ಸೂರ್ಯನಿಂದ ಬೀಸುವ ಕಣಗಳ ಗಾಳಿಯ ಕಾಂತಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಅಂತ ತೋರಿಸುವ ಅಂಕಿ ಬಿಝೆಡ್; ಅದು ದಕ್ಷಿಣಕ್ಕೆ, ಅಂದರೆ ಮೈನಸ್‌ಗೆ ತಿರುಗಿ ಇಪ್ಪತ್ತು ನಿಮಿಷ ಅಲ್ಲೇ ನಿಂತರೆ ಸಾಕ್ಸ್ ಹಾಕಿಕೊಳ್ಳುವುದು. ಕಿರುನಾದ ಬಾಹ್ಯಾಕಾಶ ಭೌತಶಾಸ್ತ್ರ ಸಂಸ್ಥೆಯಲ್ಲಿ ಭೂಮಿಯ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರಿನ ಗೆರೆ ಧಡಕ್ಕನೆ ಕುಸಿದರೆ ಬೂಟು ಹಾಕಿಕೊಳ್ಳುವುದು. ಉಳಿದ ಸಮಯ ಸರದಿ, ಇಪ್ಪತ್ತು ನಿಮಿಷಕ್ಕೊಬ್ಬರು ಬಾಗಿಲು ತೆಗೆದು ಉತ್ತರಕ್ಕೆ ನೋಡಿ ಬರುವುದು. ಸೈನ್ಯವೇ ಇದು ಅಂತ ಅಕ್ಕ ಗೊಣಗಿದಳು. ಎಲ್ಲಿ ನಿಲ್ಲುತ್ತಿದ್ದೆವು ಅಂದರೆ, ಸರೋವರದ ಕಡೆ. ಅದಕ್ಕಿಂತ ಹೆಚ್ಚು ಹೇಳಿದರೆ ಅಲ್ಲೂ ಬಸ್ಸು ಬರುತ್ತದೆ.

27ರ ರಾತ್ರಿ ಹನ್ನೊಂದು ದಾಟಿತ್ತು, ಸರದಿ ಭಾವನದು. ಬಾಗಿಲು ತೆಗೆದವರು ಮುಚ್ಚಲೇ ಇಲ್ಲ, ಒಳಗೆಲ್ಲಾ ಚಳಿ ನುಗ್ಗಿತು. "ಭಾವ, ಬಾಗಿಲು!" ಅಂದೆ. ಉತ್ತರವಿಲ್ಲ. ಹೋಗಿ ನೋಡಿದರೆ ಮೆಟ್ಟಿಲ ಕೆಳಗೆ ಬೂಟೂ ಇಲ್ಲದೆ ಬರೀ ಸಾಕ್ಸಿನಲ್ಲಿ ನಿಂತಿದ್ದಾರೆ, ಮುಖ ಮೇಲೆ. ಅವರ ಬಿಳಿ ತಲೆ ಹಸಿರಾಗಿತ್ತು. ಸುತ್ತಲ ಹಿಮವೂ. ಸರೋವರದ ಆಚೆ ದಡದಿಂದ ಎದ್ದ ಕಮಾನು ನೆತ್ತಿಯ ಮೇಲೆ ಬಂದು ಸೀಳಿ, ಕೆಳ ಅಂಚಿಗೆ ಗುಲಾಬಿ ಹತ್ತಿ, ಒಂದು ತುದಿಯಿಂದ ಇನ್ನೊಂದಕ್ಕೆ ಸರಸರ ಓಡಿತು. ಕ್ಯಾಮೆರಾ ಬೇಕಾಗಲಿಲ್ಲ. "ಒಣಗಲು ಹಾಕಿದ ಒಂಬತ್ತು ಗಜದ ಸೀರೆಗೆ ಗಾಳಿ ಹೊಕ್ಕ ಹಾಗಿದೆ ಕಣೇ" ಅಂದಳು ಅಕ್ಕ. ನಮ್ಮೆಜಮಾನ್ರು ಒಳಗೆ ಹೋಗಿ ಭಾವನ ಕಾಲಿಗೆ ತಮ್ಮ ಬೂಟು ತಂದಿಟ್ಟರು. ನಲವತ್ತು ನಿಮಿಷ ಇತ್ತು, ಹೆಚ್ಚೂ ಇದ್ದೀತು. ಐದರಲ್ಲಿ ಮೂರು ರಾತ್ರಿ ಕಂಡಿತು, ಒಂದು ಮೋಡಕ್ಕೆ ಹೋಯಿತು, ಒಂದು ನನ್ನ ದಡ್ಡತನಕ್ಕೆ.

29ರ ಮಧ್ಯಾಹ್ನ ಅಮ್ಮನ ಗ್ರಹಣ. ಭಾರತಕ್ಕೆ ಕಾಣದ್ದರಿಂದ ಆಚರಣೆ ಇಲ್ಲ ಅಂತ ಫೋನಿನಲ್ಲಿ ಸಮಾಧಾನ ಮಾಡಿದ್ದೆ. ನಮಗೆ ಅಲ್ಲಿ ಕಾಣುತ್ತದೆ ಅನ್ನುವುದನ್ನು ಹೇಳಿರಲಿಲ್ಲ. ಗ್ರಹಣದ ಕನ್ನಡಕ ತಂದಿರಲಿಲ್ಲ. ಅನ್ನ ಬಸಿಯುವ ತೂತಿನ ಪಾತ್ರೆಯನ್ನು ಬಿಸಿಲಿಗೆ ಹಿಡಿದೆ. ಹಿಮದಷ್ಟು ಬಿಳಿಯ ಪರದೆ ಇನ್ನೆಲ್ಲಿ ಸಿಗುತ್ತದೆ? ಮುಕ್ಕಾದ ಪುಟ್ಟ ಸೂರ್ಯಗಳು ಸಾಲುಸಾಲಾಗಿ ಬಿದ್ದವು, ಇಲಿ ಕಚ್ಚಿದ ನಿಪ್ಪಟ್ಟುಗಳ ಹಾಗೆ. ಅಕ್ಕ ಅಷ್ಟು ಹೊತ್ತೂ ಒಳಗೇ ಕೂತು, ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿದಳು. ಬಿಸಿನೀರು ಮುಗಿಯಿತು.

ಎಲ್ಲಾ ಸೇರಿ ತಲೆಗೆ 1 ಲಕ್ಷ 40 ಸಾವಿರದ ಆಸುಪಾಸು. ಬೂಟು-ಜಾಕೆಟ್ ಅರ್ಧ ಸಾಲ ತಂದದ್ದು, ಅರ್ಧ ಅಲ್ಲೇ ಬಾಡಿಗೆ. ಅದೇ ತಿಂಗಳು ಪರಿಚಯದವರೊಬ್ಬರು ಪ್ಯಾಕೇಜಿಗೆ ತಲೆಗೆ 2 ಲಕ್ಷ ತೊಂಬತ್ತು ಕೊಟ್ಟು ಹೋಗಿ ಬಂದರು. ಅವರಿಗೆ ಕಂಡಿತಾ ಅಂತ ನಾನು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ.

30ನೇ ತಾರೀಕು ಯುಗಾದಿ. ಅವತ್ತೇ ಯೂರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುವ ದಿನ, ಇದು ನನ್ನ ಯಾವ ಪಂಚಾಂಗದಲ್ಲೂ ಇರಲಿಲ್ಲ. ಹತ್ತಕ್ಕೆ ಮನೆ ಗುಡಿಸಿ ಒರೆಸಿ ಬೀಗ ಕೊಡಬೇಕು, ಭಾವನ ಕೈಗಡಿಯಾರದಲ್ಲಿ ಇನ್ನೂ ಒಂಬತ್ತು. ಮಾಲೀಕ ಬಾಗಿಲು ತಟ್ಟಿದಾಗ ನಮ್ಮೆಜಮಾನ್ರು ಪಂಚೆ ಮೇಲೆ ಕಟ್ಟಿ ಕಸ ಗುಡಿಸುತ್ತಿದ್ದರು, ಅಕ್ಕ ಒಣ ಬೇವಿನ ಹೂವಿಗೆ ಬೆಲ್ಲ ಕಲಸುತ್ತಿದ್ದಳು. ಅವನ ಕೈಗೂ ಒಂದು ಚಮಚ ಹಾಕಿದಳು. ಬಾಯಿಗೆ ಹಾಕಿಕೊಂಡು ಒಂದು ಕ್ಷಣ ಸುಮ್ಮನಿದ್ದು, ಬೀಗ ಹನ್ನೊಂದಕ್ಕೆ ಕೊಟ್ಟರೂ ಸಾಕು ಅಂದು ಹೋದ.

2026ರ ಯುಗಾದಿ ಮಾರ್ಚ್ 19ಕ್ಕೆ ಬಿದ್ದಿದೆ ಅಂತ ಆಮೇಲೆ ಭಾವ ಫೋನ್ ಮಾಡಿದ್ದರು. ಚೆನ್ನಾಗಿ ನೋಡಿಕೊಂಡೇ ಹೇಳುತ್ತಿದ್ದೇನೆ, ಶಾಲೆ ರಜೆ ಆಗ ಮುಗಿದಿರುತ್ತದೆ ಅಂದರು.