ಅಚ್ಚಿಗೆ ಹೋಗುವ ಮುಖ

ಮುಖದ ಫೋಟೊವನ್ನು ಅಚ್ಚಿಗಾಗಿ ಕಂಪ್ಯೂಟರಿನಲ್ಲಿ ತಿದ್ದುವಾಗ ಮೂಲ ಲೇಯರ್ (ಚಿತ್ರದ ಪದರ) ಮುಟ್ಟಬೇಡಿ. ಮೇಲೊಂದು ಖಾಲಿ ಲೇಯರ್ ತೆರೆದು, ಕಲೆಯನ್ನು ಸುತ್ತಲಿನ ಚರ್ಮಕ್ಕೆ ಬೆರೆಸುವ ಹೀಲಿಂಗ್ ಬ್ರಷ್‌ನಲ್ಲಿ ಮೊಡವೆ, ಗೀರು, ಕಾಲರ್ ಮೇಲಿನ ದಾರದ ಎಳೆ, ಇಷ್ಟನ್ನೇ ತೆಗೆಯಿರಿ. ವಾರದಲ್ಲಿ ಮಾಯುವಂಥದ್ದು ಹೋಗಲಿ; ಮಚ್ಚೆ, ನಗುವಿನ ಗೆರೆ ಉಳಿಯಲಿ. ಒಮ್ಮೆ ನಾನು ಹಿರಿಯರೊಬ್ಬರ ಹಣೆಯ ನೆರಿಗೆಯನ್ನೆಲ್ಲ ಒರೆಸಿಬಿಟ್ಟಿದ್ದೆ. ಅಚ್ಚಾಗಿ ಬಂದಾಗ ಮುಖ ಸಾಬೂನಿನ ಬಿಲ್ಲೆಯಂತಿತ್ತು. ಅವರು ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ಈಗ ಕಣ್ಣಡಿಯ ಕಪ್ಪನ್ನು ಪೂರ್ತಿ ಅಳಿಸುವುದಿಲ್ಲ. ಅದನ್ನು ಬೇರೆಯೇ ಲೇಯರಿನಲ್ಲಿ ತಿದ್ದಿ, ಆ ಲೇಯರಿನ ಒಪಾಸಿಟಿಯನ್ನು (ಗಾಢತೆಯನ್ನು) ಶೇ 50ಕ್ಕೆ ಇಳಿಸಿ ಅರ್ಧ ತಿಳಿಯಾಗಿಸುತ್ತೇನೆ.

ಬಣ್ಣದ ವಿಷಯಕ್ಕೆ ಸ್ಕ್ರೀನ್ ನಂಬಬೇಡಿ. ಪ್ರೆಸ್‌ನವರಿಂದ ಅವರ ಅಚ್ಚಿಗೆ ಹೊಂದುವ ಬಣ್ಣದ ಪ್ರೊಫೈಲ್ ಕೇಳಿ ಪಡೆದು, ಫೋಟೊವನ್ನು ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣಕ್ಕೆ) ಬದಲಿಸಿ, ಕೆನ್ನೆಯ ಮೇಲೆ ಒಂದೊಂದು ಶಾಯಿಯ ಅಂಕಿ ಓದಿ. ಹಳದಿಯನ್ನು ಮೆಜೆಂಟಾ (ನೇರಳೆಗೆಂಪು ಶಾಯಿ) ಮೀರಿದರೆ ಮುಖ ಸಾಮಾನ್ಯವಾಗಿ ಕೆಂಪಡರುತ್ತದೆ. ಅಚ್ಚಿನ ಅಳತೆಗೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಇಟ್ಟ ಮೇಲೆಯೇ ಶಾರ್ಪನಿಂಗ್ (ಅಂಚುಗಳನ್ನು ಚೂಪಾಗಿಸುವುದು), ಅದೂ ಕಣ್ಣು, ಕೂದಲಿಗೆ ಮಾತ್ರ.