ಟ್ರಿನಿಟಿ ಚರ್ಚನ್ನೂ ಅದರ ಕೇರಿಯನ್ನೂ ಅರ್ಧ ದಿನದಲ್ಲಿ ನೋಡುವ ಬಗೆ

ನ್ಯೂಯಾರ್ಕಿನ ವಾಲ್ ಸ್ಟ್ರೀಟಿಗೆ ಹೋದವರಲ್ಲಿ ಹೆಚ್ಚಿನವರು ಕಂಚಿನ ಗೂಳಿ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು, ಟ್ರಿನಿಟಿ ಚರ್ಚಿನ ಅಂಗಳದಲ್ಲಿ ಅಮೆರಿಕದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಗೋರಿ ಇಣುಕಿ, 10 ನಿಮಿಷದಲ್ಲಿ ಹೊರಟುಬಿಡುತ್ತಾರೆ. ಈ ಎಪಿಸ್ಕೋಪಲ್ (ಆಂಗ್ಲಿಕನ್ ಪರಂಪರೆಯ ಅಮೆರಿಕನ್ ಪಂಗಡದ) ಚರ್ಚಿನ ಕಥೆ ಅದರ ಗೋಡೆಯೊಳಗೆ ಅರ್ಧ ಮಾತ್ರ ಇದೆ. ಉಳಿದರ್ಧ ಸುತ್ತಲಿನ ಬೀದಿಗಳಲ್ಲಿದೆ. ಎರಡನ್ನೂ ನೋಡಲು ಮೂರೂವರೆ ಗಂಟೆ ಇಟ್ಟುಕೊಳ್ಳಿ. ನಡಿಗೆ ಒಟ್ಟು ಒಂದೂವರೆ ಕಿಲೋಮೀಟರಿನಷ್ಟೇ.

ಬೆಳಿಗ್ಗೆಯೇ ಹೋಗಿ. 4 ಅಥವಾ 5ನೇ ರೈಲಿನಲ್ಲಿ ವಾಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದರೆ ಚರ್ಚು ಎದುರಿಗೇ ಇರುತ್ತದೆ. ಆದರೆ ಕೂಡಲೇ ಒಳಗೆ ನುಗ್ಗಬೇಡಿ. ವಾಲ್ ಸ್ಟ್ರೀಟಿನಲ್ಲಿ ಫೆಡರಲ್ ಹಾಲ್ ತನಕ ನಡೆದು ಹಿಂತಿರುಗಿ ನೋಡಿ. ಎರಡೂ ಬದಿಯ ಕಟ್ಟಡಗಳ ಸಂದಿಯಲ್ಲಿ 281 ಅಡಿಯ ಶಿಖರ ಕಾಣುತ್ತದೆ. ಈಗ ಅದು ಕುಳ್ಳಗೆ ಕಂಡರೂ 1869ರವರೆಗೆ ಇಡೀ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಮುಂಬಾಗಿಲು ಪೂರ್ವಕ್ಕಿರುವುದರಿಂದ ಕಂದು ಕಲ್ಲಿನ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ. ಹೊತ್ತು ಏರಿದ ಮೇಲೆ ಇಲ್ಲಿ ಬರೀ ನೆರಳು.

ಇದು ಇದೇ ಜಾಗದ ಮೂರನೆಯ ಚರ್ಚು. ಮೊದಲನೆಯದು 1776ರ ಬೆಂಕಿಯಲ್ಲಿ ಸುಟ್ಟಿತು. 1790ರಲ್ಲಿ ಪ್ರತಿಷ್ಠೆಯಾದ ಎರಡನೆಯದು ಹಿಮದ ಭಾರಕ್ಕೆ ಸಡಿಲಗೊಂಡಿದ್ದರಿಂದ 1839ರಲ್ಲಿ ಕೆಡವಿದರು. ಈಗಿನದನ್ನು ರಿಚರ್ಡ್ ಅಪ್‌ಜಾನ್ ಗಾಥಿಕ್ ಶೈಲಿಯಲ್ಲಿ ಕಟ್ಟಿದ, 1846ರಲ್ಲಿ ಪ್ರತಿಷ್ಠೆಯಾಯಿತು. ಒಳಗೆ ಹೋಗುವ ಮೊದಲು ಕಂಚಿನ ಬಾಗಿಲುಗಳ ಮುಂದೆ 5 ನಿಮಿಷ ನಿಲ್ಲಿ. ವಿನ್ಯಾಸ ರಿಚರ್ಡ್ ಮಾರಿಸ್ ಹಂಟ್‌ನದು. ಒಳಗೆ ತಲೆಯೆತ್ತಿದರೆ ಕಾಣುವ ಕಮಾನು ಚಾವಣಿ ಕಲ್ಲಿನದಲ್ಲ, ಗಾರೆಯದು. ಕಲ್ಲೆಂದು ನಂಬಿ ಬೆರಗಾಗುವವರೇ ಹೆಚ್ಚು! ಚರ್ಚುಗಳಲ್ಲಿ ಬಲಿಪೀಠ ಪೂರ್ವಕ್ಕಿರುವುದು ಹಳೆಯ ರೂಢಿ, ಇಲ್ಲಿ ಪಶ್ಚಿಮಕ್ಕಿದೆ. ಚರ್ಚು ಬ್ರಾಡ್‌ವೇ ಬೀದಿಗೆ ಮುಖ ಮಾಡಿದ್ದರ ಫಲ ಇದು.

ಪ್ರಾರ್ಥನೆಯ ಹೊತ್ತಿಗೆ ಹೋದರೆ ಒಳಗೆ ಅಡ್ಡಾಡುವ ಹಾಗಿಲ್ಲ, ಫೋಟೊ ತೆಗೆಯುವ ಹಾಗೂ ಇಲ್ಲ. ಭಾನುವಾರ ಬೆಳಿಗ್ಗೆ ನೋಡಲೆಂದು ಹೋಗಿ ಪೇಚಿಗೆ ಸಿಕ್ಕುವವರು ಬಹಳ. ಹಿಂದಿನ ದಿನವೇ ವೇಳಾಪಟ್ಟಿ ನೋಡಿಕೊಳ್ಳಿ, ಇಲ್ಲವೇ ಆರಾಧನೆಯಲ್ಲೇ ಕೂತುಬಿಡಿ. ಯಾವ ಧರ್ಮದವರೂ ಕೂರಬಹುದು, ಶುಲ್ಕವಿಲ್ಲ. ಬಾಗಿಲಲ್ಲಿ ಕೊಡುವ ಬುಲೆಟಿನ್‌ನಲ್ಲಿ ಎಲ್ಲವೂ ಅನುಕ್ರಮವಾಗಿ ಇರುತ್ತದೆ. ಹಿಂದಿನ ಸಾಲುಗಳಲ್ಲಿ ಕೂತರೆ ಮುಂದಿನವರನ್ನು ನೋಡಿ ಏಳಬಹುದು, ಕೂರಬಹುದು. ಸ್ಥೂಲವಾಗಿ ಹೇಳುವುದಾದರೆ ಹಾಡಿಗೆ ಮತ್ತು ಸುವಾರ್ತೆ (ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಭಾಗ) ಓದುವಾಗ ನಿಲ್ಲುತ್ತಾರೆ, ಉಳಿದ ವಾಚನ ಮತ್ತು ಪ್ರವಚನಕ್ಕೆ ಕೂರುತ್ತಾರೆ. ಮೊಣಕಾಲೂರುವುದು ಅವರವರ ಇಷ್ಟ. ನಡುವೆ ಅಕ್ಕಪಕ್ಕದವರು ಕೈಚಾಚಿ ‘ಸಮಾಧಾನ’ ಹಾರೈಸುತ್ತಾರೆ. ಕೈ ಕುಲುಕಿದರೆ ಸಾಕು. ಕಾಣಿಕೆ ತಟ್ಟೆ ಬಂದರೆ ಏನೂ ಹಾಕದೆ ಮುಂದಕ್ಕೆ ದಾಟಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಹೊಸಬರು ತಡವರಿಸುವುದು ಪ್ರಭು ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ವೈನ್ ಹಂಚುವ ವಿಧಿಯ ಹೊತ್ತಿಗೆ. ಎಪಿಸ್ಕೋಪಲ್ ನಿಯಮದಂತೆ ಅದು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದವರಿಗೆ, ಅವರು ಯಾವ ಕ್ರೈಸ್ತ ಪಂಗಡದವರಾದರೂ ಸರಿ. ಆಗದವರು ಕೂತಲ್ಲೇ ಇರಬಹುದು. ಸಾಲಿನಲ್ಲಿ ಹೋಗಿ ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿ ಇಟ್ಟುಕೊಂಡರೆ ಪಾದ್ರಿ ಆಶೀರ್ವಾದ ಮಾತ್ರ ಕೊಡುತ್ತಾರೆ. ಸ್ವೀಕರಿಸುವವರು ಎಡ ಅಂಗೈ ಮೇಲೆ ಬಲ ಅಂಗೈ ಇಟ್ಟು ಚಾಚಬೇಕು. ಬಟ್ಟಲಲ್ಲಿರುವುದು ನಿಜವಾದ ವೈನ್. ಬೇಡವಾದರೆ ರೊಟ್ಟಿಯಷ್ಟನ್ನೇ ತೆಗೆದುಕೊಂಡು ಬರಬಹುದು, ಅದೂ ಪೂರ್ಣವೇ.

ಅಂಗಳಕ್ಕೆ ಒಂದು ಗಂಟೆ ಬೇಕು. ದಕ್ಷಿಣದ ಭಾಗದಲ್ಲಿ, ರೆಕ್ಟರ್ ಸ್ಟ್ರೀಟಿನ ಕಡೆಗೆ, ಹ್ಯಾಮಿಲ್ಟನ್‌ನ ಬಿಳಿ ಸ್ಮಾರಕವಿದೆ. ಅದರ ಮುಂದೆ ನೆಲಕ್ಕೆ ಮಟ್ಟವಾಗಿರುವುದು 1854ರಲ್ಲಿ ತೀರಿಕೊಂಡ ಹೆಂಡತಿ ಎಲಿಜಬೆತ್‌ಳ ಕಲ್ಲು. ಉಗಿ ಹಡಗಿನ ರಾಬರ್ಟ್ ಫುಲ್ಟನ್‌ನ ಸ್ಮಾರಕವೂ ಈ ಕಡೆಯೇ. ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಉತ್ತರದ ಭಾಗ ಇನ್ನೂ ಹಳೆಯದು: 1681ರಲ್ಲಿ, ಅಂದರೆ ಚರ್ಚು ಹುಟ್ಟುವ ಮೊದಲೇ, 5 ವರ್ಷಕ್ಕೆ ತೀರಿಕೊಂಡ ರಿಚರ್ಡ್ ಚರ್ಚರ್ ಎಂಬ ಮಗುವಿನ ಕಲ್ಲು ಅಲ್ಲಿದೆ. ಅದರ ಹಿಂಬದಿಯನ್ನೂ ನೋಡಿ, ತಲೆಬುರುಡೆಯ ಕೆತ್ತನೆ ಇರುವುದು ಅಲ್ಲಿ.

ಸವೆದ ಅಕ್ಷರ ಓದಲು ಮೊಬೈಲಿನ ಟಾರ್ಚನ್ನು ಕಲ್ಲಿಗೆ ಒತ್ತದೆ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ತಗ್ಗಿನಲ್ಲಿ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ. ಸೀಮೆಸುಣ್ಣ ಉಜ್ಜುವುದು, ಕಾಗದವಿಟ್ಟು ಪೆನ್ಸಿಲ್ ತಿಕ್ಕುವುದು ಬೇಡ. ಈ ಕಂದು ಕಲ್ಲು ಪದರಪದರವಾದ ಮರಳುಗಲ್ಲು. ಪದರಗಳ ನಡುವೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಮೇಲ್ಪದರ ಹಪ್ಪಳದಂತೆ ಬಿಟ್ಟುಕೊಳ್ಳುತ್ತದೆ. ಹೊರನೋಟಕ್ಕೆ ಗಟ್ಟಿಯಾಗಿ ಕಂಡರೂ ಬೆರಳೊತ್ತಿದರೆ ಹೆಸರೇ ಉದುರೀತು.

ಇಲ್ಲಿಂದ ಬ್ರಾಡ್‌ವೇ ಹಿಡಿದು ಉತ್ತರಕ್ಕೆ ಹೊರಡಿ. ಬೀದಿ ಫಲಕಗಳನ್ನು ಓದುತ್ತಾ ಹೋಗಿ. ರೆಕ್ಟರ್ ಎಂದರೆ ಸಭೆಯ, ಅಂದರೆ ಚರ್ಚಿಗೆ ಸೇರಿದ ಭಕ್ತಸಮುದಾಯದ, ಮುಖ್ಯ ಪಾದ್ರಿ. ವೀಸಿ ಸ್ಟ್ರೀಟ್ ಮೊದಲ ರೆಕ್ಟರ್ ವಿಲಿಯಂ ವೀಸಿಯ ಹೆಸರು, ಬಾರ್ಕ್ಲೇ ಸ್ಟ್ರೀಟ್ ಎರಡನೆಯವನಾದ ಹೆನ್ರಿ ಬಾರ್ಕ್ಲೇಯದು. ಚರ್ಚ್ ಸ್ಟ್ರೀಟ್, ಟ್ರಿನಿಟಿ ಪ್ಲೇಸ್, ಇನ್ನೂ ಮೇಲಕ್ಕೆ ಹೋದರೆ ಆಡಳಿತ ಮಂಡಳಿಯ ಹೆಸರಿನ ವೆಸ್ಟ್ರಿ ಸ್ಟ್ರೀಟ್. ಕಾರಣ ಜಮೀನು: 1705ರಲ್ಲಿ ಇಂಗ್ಲೆಂಡಿನ ರಾಣಿ ಆ್ಯನ್ ಈ ಸಭೆಗೆ 215 ಎಕರೆ ದತ್ತಿ ಕೊಟ್ಟಳು. ಅದಕ್ಕೂ ಮೊದಲು, 1697ರ ಸನ್ನದಿನಲ್ಲಿ ಚರ್ಚು ರಾಜನಿಗೆ ಕೊಡಬೇಕಾದ ವಾರ್ಷಿಕ ಗೇಣಿ ಒಂದು ಮೆಣಸಿನ ಕಾಳು. 1976ರಲ್ಲಿ ರಾಣಿ ಎರಡನೇ ಎಲಿಜಬೆತ್ ಬಂದಾಗ ಬಾಕಿಯೆಂದು 279 ಕಾಳು ಎಣಿಸಿ ಒಪ್ಪಿಸಿದರು.

ಆರೇಳು ನಿಮಿಷಕ್ಕೆ ಸಿಗುವ ಸೇಂಟ್ ಪಾಲ್ಸ್ ಚಾಪೆಲ್ ಇದೇ ಸಭೆಗೆ ಸೇರಿದ್ದು. 1766ರ ಈ ಕಟ್ಟಡ ಮ್ಯಾನ್‌ಹಟನ್ನಿನಲ್ಲಿ ಉಳಿದಿರುವ ಚರ್ಚುಗಳಲ್ಲೇ ಹಳೆಯದು. ಬ್ರಾಡ್‌ವೇ ಕಡೆಯ ಕಂಬಗಳ ಮಂಟಪವನ್ನು ಎಲ್ಲರೂ ಮುಂಭಾಗ ಎಂದುಕೊಳ್ಳುತ್ತಾರೆ. ಅದು ಬಲಿಪೀಠದ ಬೆನ್ನು. ಗೋಪುರವಿರುವ ಪಶ್ಚಿಮದ ಕಡೆಗೆ, ಗೋರಿಗಳ ಅಂಗಳಕ್ಕೆ, ಸುತ್ತಿಹೋದರೆ ಕಟ್ಟಡದ ನಿಜವಾದ ಮುಖ ಕಾಣುತ್ತದೆ. 1789ರ ಏಪ್ರಿಲ್ 30ರಂದು ಫೆಡರಲ್ ಹಾಲ್‌ನಲ್ಲಿ ಮೊದಲ ಅಧ್ಯಕ್ಷನಾಗಿ ಪ್ರಮಾಣವಚನ ಮುಗಿಸಿದ ಜಾರ್ಜ್ ವಾಷಿಂಗ್ಟನ್ ನೇರ ಬಂದದ್ದು ಇಲ್ಲಿಗೆ. ಎದುರಿಗೇ ವರ್ಲ್ಡ್ ಟ್ರೇಡ್ ಸೆಂಟರಿನ ಜಾಗ. 2001ರಲ್ಲಿ ಗೋಪುರಗಳು ಕುಸಿದರೂ ಚಾಪೆಲ್ ನಿಂತಿತು. ಅವಶೇಷ ತೆಗೆಯುವವರು ತಿಂಗಳುಗಟ್ಟಲೆ ಉಂಡು ಮಲಗಿದ್ದು ಇದರೊಳಗೇ.

ಸುಸ್ತಾಯಿತೆಂದು ಇಲ್ಲಿಗೇ ಬಿಡಬೇಡಿ. ಇನ್ನು 10 ನಿಮಿಷ ಉತ್ತರಕ್ಕೆ ನಡೆದರೆ ಡುವೇನ್ ಸ್ಟ್ರೀಟಿನಲ್ಲಿ ಆಫ್ರಿಕನ್ ಬರಿಯಲ್ ಗ್ರೌಂಡ್ ಸ್ಮಾರಕವಿದೆ. 1697ರಲ್ಲಿ ಟ್ರಿನಿಟಿ ತನ್ನ ಅಂಗಳದಲ್ಲಿ ಕಪ್ಪು ಜನರನ್ನು ಹೂಳುವುದನ್ನು ನಿಷೇಧಿಸಿತು. ಆಗ ಊರಾಚೆ ಇದ್ದ ಈ ನೆಲ ಅವರ ಮಸಣವಾಯಿತು. ಮುಂದೆ ಊರು ಇದರ ಮೇಲೆಯೇ ಬೆಳೆದು, 1991ರಲ್ಲಿ ಸರ್ಕಾರಿ ಕಟ್ಟಡಕ್ಕೆ ಅಡಿಪಾಯ ತೋಡುವಾಗ ಅಸ್ಥಿಗಳು ಸಿಕ್ಕವು. 419 ಮಂದಿಯ ಅವಶೇಷಗಳನ್ನು 2003ರಲ್ಲಿ ಮತ್ತೆ ಇಲ್ಲಿಯೇ ಮಣ್ಣು ಮಾಡಿದರು. ಟ್ರಿನಿಟಿಯಲ್ಲಿ ಹೆಸರು ಕೊರೆದ ಕಲ್ಲುಗಳನ್ನು ಓದಿ ಬಂದವರಿಗೆ ಇಲ್ಲಿ ಓದಲು ಹೆಸರುಗಳಿಲ್ಲ. ಪ್ರವೇಶ ಉಚಿತ. ಮಾಹಿತಿ ಕೇಂದ್ರ ಮಾತ್ರ 290 ಬ್ರಾಡ್‌ವೇಯ ಸರ್ಕಾರಿ ಕಚೇರಿಯೊಳಗಿದ್ದು, ವಿಮಾನ ನಿಲ್ದಾಣದಂಥ ತಪಾಸಣೆ ಇರುತ್ತದೆ. ಚೀಲದಲ್ಲಿ ಚಾಕು, ಕತ್ತರಿ ಇದ್ದರೆ ಹೋಟೆಲ್ ಕೋಣೆಯಲ್ಲೇ ಬಿಟ್ಟು ಬನ್ನಿ.